ತುಂಬದ ಟ್ಯಾಂಕು, ಕುಡಿಯದ ನೀರು

ಆ ಮನೆಯಲ್ಲಿ ಜನ ನಾಲ್ಕು, ಶೌಚಾಲಯ ಒಂದೇ. ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಅದರ ಬಾಗಿಲ ಮುಂದೆ ನಡೆಯುವ ಗಲಾಟೆ ನಿಮ್ಮ ಮನೆಗೂ ಹೊಸದಲ್ಲ ಬಿಡಿ.

ಮನೆಯ ಯಜಮಾನ ಬಸ್ ಡ್ರೈವರು. ಆರೂವರೆಗೆ ಡಿಪೋದಿಂದ ಮೊದಲ ಬಸ್ಸು ತೆಗೆಯಬೇಕು. ಹೆಂಡತಿ ಬಿಸ್ಕತ್ತು ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಮಗಳು ಏಳನೇ ತರಗತಿ. ಇನ್ನೊಬ್ಬಳು ಡ್ರೈವರನ ತಾಯಿ, ಎಪ್ಪತ್ತೆರಡು ವರ್ಷದ ಅಜ್ಜಿ. ಹಿಂದಿನ ವರ್ಷ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಬಲ ಮಾತ್ರ ಮರಳಲಿಲ್ಲ.

ಎರಡು ವಾರದಿಂದ ಶೌಚಾಲಯದ ಫ್ಲಶ್ ಟ್ಯಾಂಕು ಹಟ ಹಿಡಿದಿತ್ತು. ಮೊದಲೆಲ್ಲ ಫ್ಲಶ್ ಮಾಡಿ ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ತುಂಬಿ ಸುಮ್ಮನಾಗುತ್ತಿತ್ತು. ಈಗ ಒಳಗೆ ನೂಲೆಳೆಯಷ್ಟು ನೀರು ಸುಯ್ಯೆನ್ನುತ್ತ ಬೀಳುತ್ತದೆ. ಅರ್ಧ ಗಂಟೆ ಕಳೆದರೂ ಟ್ಯಾಂಕಿಗೆ ಅರೆಹೊಟ್ಟೆ.

"ಅಪ್ಪಾ, ಬೇಗ ಬಾ! ನಂಗೆ ಸ್ಕೂಲಿಗೆ ಹೊತ್ತಾಯ್ತು."

"ಬಂದೆ ಕಣೇ. ಇನ್ನೂ ತುಂಬಿಲ್ಲ ಇದು."

"ತುಂಬೋ ತನಕ ಅಲ್ಲೇ ಕೂತ್ರೆ ನಿಮ್ಮ ಬಸ್ಸು ನೀವಿಲ್ದೇ ಹೊರಡುತ್ತೆ," ಎಂದು ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ಬಕೆಟ್ ಇಟ್ಟಿದೀನಲ್ಲ, ಎತ್ತಿ ಸುರಿದು ಬನ್ನಿ."

ಅಲ್ಲಿಂದ ಮುಂದೆ ಬಕೆಟ್ಟೇ ಗತಿಯಾಯಿತು. ಡ್ರೈವರು ಎತ್ತಿ ಸುರಿದ, ಹೆಂಡತಿ ಸುರಿದಳು, ಮಗಳು ಎರಡು ಕೈಯಲ್ಲಿ ತಬ್ಬಿಕೊಂಡು ಸುರಿದಳು. ಅಜ್ಜಿ ಏನು ಮಾಡುತ್ತಾಳೆ ಎಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಬಸ್ಸಿನ ಇಂಜಿನ್ನು ಒಂದು ಸಲ ಕೆಮ್ಮಿದರೆ ಸಾಕು, ಎಲ್ಲಿ ನೋವು ಎಂದು ಡ್ರೈವರು ಹೇಳಬಲ್ಲ. ಈ ಬಿಳಿ ಪೆಟ್ಟಿಗೆಯ ತಲೆಬುಡ ಮಾತ್ರ ಅವನಿಗೆ ಹತ್ತಲಿಲ್ಲ. ಕಂಡಕ್ಟರನ್ನು ಕೇಳಿದ.

"ಅದು ಪ್ರೆಶರ್ ಇಲ್ಲ ಅಣ್ಣ," ಎಂದ ಕಂಡಕ್ಟರು, ಟಿಕೆಟ್ ಹರಿಯುತ್ತಲೇ. "ಮೇಲೊಂದು ಮೋಟರ್ ಕೂರಿಸ್ಬಿಡಿ. ಹೊಳೆ ಹರಿದ ಹಾಗೆ ಬರುತ್ತೆ."

ಸರಿ ಎಂದುಕೊಂಡು ಸಂಜೆ ಹಾರ್ಡ್‌ವೇರ್ ಅಂಗಡಿಗೆ ಹೋದ. ಅಂಗಡಿಯವರು ಮೋಟರಿನ ಮಾತೇ ಎತ್ತಲಿಲ್ಲ.

"ಎಷ್ಟು ವರ್ಷದ ಟ್ಯಾಂಕು?"

"ಎಂಟು ವರ್ಷ ಆಗಿರ್ಬೋದು."

"ಹಾಗಾದ್ರೆ ಮುಗೀತು ಅದರ ಕಥೆ. ಪೂರ್ತಿ ಸೆಟ್ಟೇ ಬದಲಾಯ್ಸಿ. ಹಿಂದಿನ ಟೈಲ್ಸ್ ಒಂದಿಷ್ಟು ಒಡೀಬೇಕಾಗುತ್ತೆ, ಅಷ್ಟೇ."

'ಅಷ್ಟೇ' ಎಂದು ಅವರು ಹೇಳಿದ ರೀತಿ ಕೇಳಿದ್ದೇ ಡ್ರೈವರು ಅಲ್ಲಿಂದ ಕಾಲ್ತೆಗೆದ. ಮೋಟರೋ, ಹೊಸ ಟ್ಯಾಂಕೋ, ಗೋಡೆ ಒಡೆಯುವುದೋ? ಯಾರ ಮಾತು ನಂಬುವುದು? ಮನೆಗೆ ಬಂದವನೇ ಟ್ಯಾಂಕಿನ ಮುಚ್ಚಳ ಎತ್ತಿ ಕೆಳಗಿಟ್ಟು ಒಳಗೆ ಇಣುಕಿದ. ಒಂದು ಬದಿಗೆ ನೀರು ಬರುವ ಉದ್ದ ಕೊಳವೆ, ಅದಕ್ಕೆ ಸಿಕ್ಕಿಸಿದ ಕಡ್ಡಿ, ಕಡ್ಡಿಯ ತುದಿಯಲ್ಲಿ ತೇಲುವ ಚೆಂಡು. ನಡುವೆ ಬಾಯಿ ತೆರೆದ ಇನ್ನೊಂದು ಕೊಳವೆ. ತಳದಲ್ಲಿ ರಬ್ಬರಿನ ಮುಚ್ಚಳ. ಚೆಂಡನ್ನು ಒತ್ತಿದ, ನೀರು ಅದೇ ನೂಲೆಳೆ. ಬಿಟ್ಟ, ಅದೇ ನೂಲೆಳೆ. ಕಡ್ಡಿಯ ಬುಡದಲ್ಲಿ ಒಂದು ಸ್ಕ್ರೂ ಕಂಡಿತು. ಕಂಡಿತಲ್ಲ ಎಂದು ತಿರುಗಿಸಿದ. ಸ್ವಲ್ಪ ಹೊತ್ತಿಗೆ ಟ್ಯಾಂಕು ಅರ್ಧ ತುಂಬುತ್ತಲೇ ಆ ನೂಲೆಳೆಯೂ ನಿಂತುಹೋಯಿತು.

"ಮೊದ್ಲು ನಿಧಾನವಾಗಾದ್ರೂ ತುಂಬ್ತಿತ್ತು," ಎಂದಳು ಹೆಂಡತಿ.

"ಒಂದು ನಿಮಿಷ ಇರೇ."

ಹಿಂದೆ ಮುಂದೆ ನೋಡದೆ ಟ್ಯಾಂಕಿನ ಅಡಿಯ ಪೈಪಿನ ನಟ್ಟು ಬಿಚ್ಚಿದ. ಬಿಚ್ಚಿದ್ದೇ ತಡ, ನೀರು ಕಾರಂಜಿಯಂತೆ ಚಿಮ್ಮಿ ಮುಖಕ್ಕೆ ಬಡಿಯಿತು. ಖಾಕಿ ಅಂಗಿ ತೊಯ್ದು ತೊಪ್ಪೆಯಾಯಿತು. ಹೇಗೋ ತಡಕಾಡಿ ನಟ್ಟು ಮತ್ತೆ ಬಿಗಿದ.

ಹೆಂಡತಿ ಟವೆಲ್ ಹಿಡಿದು ನಿಂತಿದ್ದಳು. "ನೀರಿಗೆ ಪ್ರೆಶರ್ರೇ ಇಲ್ಲ ಅಂತ ಕಂಡಕ್ಟರ್ ಹೇಳಿದ್ರು ಅಂದ್ರಲ್ಲ? ಮತ್ತೆ ಇದು ಎಲ್ಲಿಂದ ಬಂತು?"

ಒಳ್ಳೆಯ ಪ್ರಶ್ನೆ. ಪೈಪಿನ ತನಕ ಇಷ್ಟು ರಭಸವಾಗಿ ಬರುವ ನೀರು ಟ್ಯಾಂಕಿನೊಳಗೆ ಹೋದ ಕೂಡಲೇ ಯಾಕೆ ಬಡಕಲಾಗುತ್ತದೆ? ತಲೆ ಒರೆಸಿಕೊಳ್ಳುತ್ತ ಬಹಳ ಹೊತ್ತು ಯೋಚಿಸಿದ. ಯೋಚಿಸಿದಷ್ಟೂ ಗೋಜಲಾಯಿತು.

ಆ ದಿನಗಳಲ್ಲಿ ಅವನಿಗೆ ಅರ್ಥವಾಗದ ಇನ್ನೊಂದು ಸಂಗತಿಯಿತ್ತು. ಅಮ್ಮ ಬೆಳಗಿನ ಚಹಾ ಬೇಡವೆನ್ನತೊಡಗಿದ್ದಳು. ಚಹಾ ಇಲ್ಲದೆ ಕಣ್ಣೇ ಬಿಡದಿದ್ದವಳು!

"ಯಾಕಮ್ಮ?"

"ಬಾಯಿಗೆ ರುಚಿಸ್ತಿಲ್ಲ ಕಣೋ."

ಊಟದ ತಟ್ಟೆಯ ಪಕ್ಕದ ಲೋಟದಲ್ಲಿ ನೀರು ಇಟ್ಟಷ್ಟೇ ಉಳಿಯುತ್ತಿತ್ತು. ತುಟಿ ಒಡೆದಿತ್ತು. ಸಣ್ಣ ಮಾತಿಗೂ ಸಿಡುಕುತ್ತಿದ್ದಳು. ವಯಸ್ಸಾಯಿತಲ್ಲ, ಇರಬಹುದು ಎಂದುಕೊಂಡ ಮಗ. ಅತ್ತೆಗೆ ನನ್ನ ಮೇಲೇನೋ ಬೇಸರ ಎಂದುಕೊಂಡಳು ಸೊಸೆ.

ಶನಿವಾರ ಡ್ರೈವರಿಗೆ ರಜೆ. ಮಧ್ಯಾಹ್ನ ಊಟಕ್ಕೆ ಕರೆಯೋಣವೆಂದು ಹೋದ ಮಗಳು ಚೀರಿದಳು. ಅಜ್ಜಿ ನಡುಮನೆಯ ಗೋಡೆಗೆ ಒರಗಿ ಹಾಗೇ ಕುಸಿದು ಕೂತಿದ್ದಳು. ಮೈ ಕಾದ ಹೆಂಚು. ಕರೆದರೆ ಕಣ್ಣು ಬಿಡುತ್ತಾಳೆ, ಆದರೆ ಮಾತು ತೊದಲುತ್ತದೆ. ಇಂದು ಯಾವ ವಾರ ಎಂದರೆ ಸೋಮವಾರ ಎಂದಳು.

ಆಟೋದಲ್ಲಿ ಆಸ್ಪತ್ರೆಗೆ ಹೋದರು. ಡಾಕ್ಟರು ನೋಡಿದರು, ರಕ್ತ, ಮೂತ್ರ ಎರಡನ್ನೂ ಪರೀಕ್ಷೆಗೆ ಕಳಿಸಿದರು, ಕೈಗೆ ಡ್ರಿಪ್ ಹಾಕಿಸಿದರು. ಸಂಜೆಯ ಹೊತ್ತಿಗೆ ಅಜ್ಜಿಯ ಕಣ್ಣಿಗೆ ಕಳೆ ಬಂತು. ಮೂತ್ರದಲ್ಲಿ ಸೋಂಕು ಇದೆ, ಮೈಯಲ್ಲಿ ನೀರಿನಂಶ ಇಳಿದುಹೋಗಿದೆ ಎಂದರು ಡಾಕ್ಟರು.

ಡ್ರೈವರಿಗೆ ಇನ್ನಷ್ಟು ಗಲಿಬಿಲಿ. ಮನೆಯಲ್ಲಿ ಕುಡಿಯುವ ನೀರಿಗೇನು ಬರ?

ನರ್ಸಮ್ಮ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. "ಅಜ್ಜಿ, ದಿನಕ್ಕೆ ಎಷ್ಟು ಲೋಟ ನೀರು ಕುಡೀತೀರ?"

"ಬೇಕಾದಷ್ಟು ಕುಡೀತೀನಮ್ಮ."

"ಬೇಕಾದಷ್ಟು ಅಂದ್ರೆ? ನಿನ್ನೆ ಎಷ್ಟು ಕುಡಿದ್ರಿ, ಅದನ್ನ ಹೇಳಿ."

ಅಜ್ಜಿ ಸೀರೆಯ ಅಂಚು ಹೊಸೆಯತೊಡಗಿದಳು. ನರ್ಸಮ್ಮ ಗದರಲಿಲ್ಲ. ದನಿ ತಗ್ಗಿಸಿ ಕೇಳಿದರು. "ಶೌಚಾಲಯಕ್ಕೆ ಹೋಗೋದಕ್ಕೆ ಏನಾದ್ರೂ ತೊಂದ್ರೆ ಇದೆಯಾ ಅಜ್ಜಿ?"

ಪರದೆಯ ಈಚೆ ನಿಂತ ಮಗನಿಗೆ ಅಮ್ಮನ ಮಾತು ಒಂದೊಂದೂ ಕೇಳಿಸಿತು.

"ಟ್ಯಾಂಕು ತುಂಬಲ್ಲಮ್ಮ. ಬೆಳಗ್ಗೆ ನಾನು ಹೋದ್ರೆ ಮಗನಿಗೆ ಕೆಲಸಕ್ಕೆ ತಡ ಆಗುತ್ತೆ. ಬಕೆಟ್ ಎತ್ತೋಕೆ ಈ ಕೈ ಆಗಲ್ಲ. ಹಾಗೇ ಬಿಟ್ಟು ಬರೋಕೆ ಮನಸ್ಸು ಬರಲ್ಲ, ಮೊಮ್ಮಗಳು ಮೂಗು ಮುಚ್ಚಿಕೊಂಡ್ರೆ ನಾನು ಭೂಮಿಗಿಳಿದು ಹೋಗ್ತೀನಿ. ನೀರು ಕುಡಿದ್ರೆ ತಾನೇ ಹೋಗ್ಬೇಕು? ಅದಕ್ಕೇ ಕಡಿಮೆ ಮಾಡ್ದೆ. ಬಂದ್ರೂ ತಡ್ಕೊಂಡು ಕೂರ್ತಿದ್ದೆ."

"ನಿಮ್ಮ ಹಾಗೆ ಮಾಡೋರು ತುಂಬಾ ಜನ ಇದಾರೆ ಅಜ್ಜಿ," ಎಂದರು ನರ್ಸಮ್ಮ. "ನೀರು ಕಡಿಮೆ ಕುಡಿದು, ಬಂದಾಗ ತಡ್ಕೊಂಡ್ರೆ ಸೋಂಕು ಬೇಗ ಹಿಡಿಯುತ್ತೆ. ವಯಸ್ಸಾದವರಿಗೆ ತಲೆಸುತ್ತು, ಗೊಂದಲ, ಜ್ವರ ಎಲ್ಲ ಅದರಿಂದ್ಲೇ ಬರ್ಬೋದು." ಆಮೇಲೆ ಪರದೆ ಸರಿಸಿ ಮಗನ ಕಡೆ ನೋಡಿದರು. "ಕೇಳಿಸ್ತಲ್ಲ? ಔಷಧಿ ನಾವು ಕೊಡ್ತೀವಿ. ಟ್ಯಾಂಕು ನೀವೇ ನೋಡ್ಬೇಕು."

ಡ್ರೈವರು ತಲೆ ಆಡಿಸಿದ.

ಮರುದಿನ ಬೆಳಗ್ಗೆ ಅಜ್ಜಿಯನ್ನು ಮನೆಗೆ ಕರೆತಂದರು. ನೋಡಿ ಹೋಗಲು ಎದುರುಮನೆಯ ಹಾಸ್ಟೆಲ್ ಅಕ್ಕ ಬಂದಳು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವವಳು. ಅಲ್ಲಿನ ನಲವತ್ತು ಶೌಚಾಲಯದ ಉಸ್ತುವಾರಿ ಅವಳದೇ. ಹಾಗಾಗಿ ಬೀದಿಯಲ್ಲಿ ಅವಳಿಗೆ ಅದೇ ಹೆಸರು.

"ನಾಳೆ ಕೆಲಸದವರನ್ನ ಕರೆಸ್ತೀನಿ ಅಕ್ಕ," ಎಂದ ಡ್ರೈವರು. "ಟೈಲ್ಸ್ ಒಡೆಸಿ ಹೊಸ ಟ್ಯಾಂಕೇ ಹಾಕಿಸ್ಬಿಡ್ತೀನಿ."

"ನೆಗಡಿ ಬಂತು ಅಂತ ಮೂಗು ಕೊಯ್ಸಿಕೊಳ್ತೀಯಾ ತಮ್ಮ?"

"ಹಾಗಲ್ಲ ಅಕ್ಕ. ಅದು ಹಳೇದಾಯ್ತಂತೆ, ಅಂಗಡಿಯವರೇ ಹೇಳಿದ್ರು."

"ಅವರು ನಿನ್ನ ಟ್ಯಾಂಕು ನೋಡಿದ್ರಾ?"

"ಇಲ್ಲ."

"ಹಾಗಾದ್ರೆ ನಾನು ನೋಡ್ತೀನಿ, ನಡಿ."

ಡ್ರೈವರಿಗೆ ಅನುಮಾನ. ತೊಳೆಯುವುದು ಬೇರೆ, ರಿಪೇರಿ ಬೇರೆ. ಇವಳಿಗೇನು ಗೊತ್ತಿರುತ್ತದೆ? ಬಾಯಿಬಿಟ್ಟು ಹೇಳಲಾರದೆ ಹಿಂದೆ ಹಿಂದೆ ಹೋದ. ಹೆಂಡತಿ, ಮಗಳು ಬಾಗಿಲಲ್ಲಿ ನಿಂತರು.

ಅಕ್ಕ ಟ್ಯಾಂಕಿನ ತಂಟೆಗೇ ಹೋಗಲಿಲ್ಲ. ಮೊದಲು ಕೈ ತೊಳೆಯುವ ನಲ್ಲಿ ತಿರುಗಿಸಿದಳು. ನೀರು ಧಾರಾಳವಾಗಿ ಬಂತು.

"ಮನೆಯ ಎಲ್ಲ ನಲ್ಲಿಯಲ್ಲೂ ನೀರು ಸಣ್ಣಗಿದ್ರೆ ತೊಂದ್ರೆ ಮೇಲಿನ ನೀರಿನ ತೊಟ್ಟೀಲೋ ದೊಡ್ಡ ಪೈಪಲ್ಲೋ ಇರುತ್ತೆ. ಇಲ್ಲಿ ಚೆನ್ನಾಗಿ ಬರ್ತಿದೆ. ಅಂದ್ರೆ ಮೋಟರ್ ಬೇಕಿಲ್ಲ. ತೊಂದ್ರೆ ಇದೊಂದರಲ್ಲೇ."

ಆಮೇಲೆ ಬಗ್ಗಿ, ಗೋಡೆಯಿಂದ ಟ್ಯಾಂಕಿಗೆ ಹೋಗುವ ಪೈಪಿನ ಬುಡದ ಪುಟ್ಟ ನಲ್ಲಿಯನ್ನು ತೋರಿಸಿದಳು. "ಇದು ಪೂರ್ತಿ ತೆರೆದಿದೆಯಾ ನೋಡು. ಎಷ್ಟೋ ಮನೇಲಿ ಯಾರೋ ಅರ್ಧ ಮುಚ್ಚಿ ಮರೆತಿರ್ತಾರೆ, ಅಲ್ಲಿಗೇ ಮುಗೀತು."

ಪೂರ್ತಿ ತೆರೆದೇ ಇತ್ತು. ಪೈಪು ಎಲ್ಲೂ ಮಡಚಿಕೊಂಡಿರಲಿಲ್ಲ.

"ಪುಟ್ಟಿ, ಬಟ್ಟೆಗೆ ಹಾಕೋ ನೀಲಿ ಇದ್ರೆ ತಾ."

ಮಗಳು ತಂದ ನೀಲಿಯನ್ನು ಟ್ಯಾಂಕಿನ ನೀರಿಗೆ ನಾಲ್ಕು ಹನಿ ಬಿಟ್ಟು, "ಕಾಲು ಗಂಟೆ ಯಾರೂ ಮುಟ್ಟಬೇಡಿ," ಎಂದು ಹೇಳಿ ಅಕ್ಕ ಅಜ್ಜಿಯ ಹತ್ತಿರ ಹೋಗಿ ಕೂತಳು.

ಡ್ರೈವರಿಗೆ ತಡೆಯಲಿಲ್ಲ. "ಇದೇನು ಮಾಟಾನಾ ಅಕ್ಕ? ನೀರು ಬರ್ತಿಲ್ಲ ಅಂದ್ರೆ ನೀಲಿ ಹಾಕ್ತೀರಲ್ಲ!"

"ಬರೋ ನೀರು ಕೆಳಗಿಂದ ಸೋರಿ ಹೋಗ್ತಿದ್ರೆ ಟ್ಯಾಂಕು ತುಂಬೋದು ಹೇಗೋ? ತೂತು ಬಿಂದಿಗೆಗೆ ನೀರು ಸುರಿದ ಹಾಗೆ. ಫ್ಲಶ್ ಮಾಡದೇನೇ ಕೆಳಗೆ ಕಮೋಡಲ್ಲಿ ನೀಲಿ ಬಣ್ಣ ಕಂಡ್ರೆ ತಳದ ರಬ್ಬರ್ ಮುಚ್ಚಳ ಸವೆದಿದೆ ಅಂತ ಅರ್ಥ. ಅದೊಂದನ್ನೇ ಬದಲಾಯ್ಸಿದ್ರೆ ಸಾಕು."

ಕಾಲು ಗಂಟೆ ಬಿಟ್ಟು ನೋಡಿದರೆ ಕೆಳಗೆ ಬಣ್ಣದ ಸುಳಿವಿಲ್ಲ. ಸೋರಿಕೆಯೂ ಇಲ್ಲ. ಮತ್ತೆ ಇನ್ನೇನು? ಡ್ರೈವರು ತಲೆ ಕೆರೆದುಕೊಂಡ. ಅಕ್ಕ ಮನೆಯವರನ್ನೆಲ್ಲ ನೋಡಿ ಕೇಳಿದಳು.

"ಇದು ಶುರುವಾಗೋಕೆ ಮುಂಚೆ ನೀರಲ್ಲಿ ಏನಾದ್ರೂ ವ್ಯತ್ಯಾಸ ಕಂಡಿತ್ತಾ?"

ಹೆಂಡತಿಗೆ ಫಕ್ಕನೆ ನೆನಪಾಯಿತು. "ರಸ್ತೆ ಅಗೆದು ಪೈಪ್ ರಿಪೇರಿ ಮಾಡಿದ್ರಲ್ಲ, ಅವತ್ತು ಒಂದು ದಿನ ಕೆಂಪು ನೀರು ಬಂತು! ನಾನು ಬಟ್ಟೆ ಕೂಡ ಒಗೆಯಲಿಲ್ಲ."

"ಅದೇ ಇರ್ಬೇಕು. ಆ ವಾರ ಹಾಸ್ಟೆಲಲ್ಲೂ ಹನ್ನೊಂದು ಟ್ಯಾಂಕು ಹೀಗೇ ಆಗಿತ್ತು. ತಮ್ಮ, ಈಗ ನೀನು ಮಾಡು. ನಾನು ಹೇಳ್ತೀನಿ."

"ನಾನಾ? ಮೊನ್ನೆ ಬಿಚ್ಚಿ ಸ್ನಾನ ಮಾಡಿದ್ದು ಸಾಲ್ದಾ?"

"ಗೋಡೆಯ ನಲ್ಲಿ ಮುಚ್ಚದೆ ಬಿಚ್ಚಿದ್ರೆ ಸ್ನಾನವೇ ಗತಿ. ಬಲಕ್ಕೆ ತಿರುಗ್ಸಿ ಪೂರ್ತಿ ಮುಚ್ಚು."

ಎಷ್ಟೋ ವರ್ಷ ಮುಟ್ಟದ ನಲ್ಲಿ ಗಟ್ಟಿಯಾಗಿತ್ತು. ಬಟ್ಟೆ ಸುತ್ತಿ, ಬಲ ಪ್ರಯೋಗ ಮಾಡದೆ, ಸ್ವಲ್ಪ ಸ್ವಲ್ಪವೇ ತಿರುಗಿಸಿ ಮುಚ್ಚಿದ. ಫ್ಲಶ್ ಒತ್ತಿ ಟ್ಯಾಂಕು ಖಾಲಿ ಮಾಡಿದ. ಕೆಳಗೆ ಬಕೆಟ್ ಇಟ್ಟು ಪೈಪಿನ ನಟ್ಟು ಕೈಯಲ್ಲೇ ಸಡಿಲಿಸಿದ. ನಾಲ್ಕು ಹನಿ ತೊಟ್ಟಿಕ್ಕಿತು, ಅಷ್ಟೇ.

"ಟ್ಯಾಂಕಿನ ಅಡೀಲಿ ಪೈಪ್ ಸಿಕ್ಕಿಸೋ ಬಾಯೊಳಗೆ ನೋಡು. ಏನು ಕಾಣುತ್ತೆ?"

ಡ್ರೈವರು ಮೊಬೈಲಿನ ಬೆಳಕು ಬಿಟ್ಟು ಇಣುಕಿದ. ಬೆರಳ ತುದಿಯಷ್ಟು ಅಗಲದ ಒಂದು ಜಾಲರಿ. ಜಾಲರಿ ಎಂದು ಅಕ್ಕ ಹೇಳಿದ್ದಕ್ಕೆ ಗೊತ್ತಾಯಿತು. ಕೆಂಪು ಮಣ್ಣು, ತುಕ್ಕಿನ ಪುಡಿ, ಸಣ್ಣ ಮರಳು ಸೇರಿ ಅದರ ಕಣ್ಣುಗಳೆಲ್ಲ ಮುಚ್ಚಿಹೋಗಿದ್ದವು. ಮೆಲ್ಲಗೆ ಎಳೆದು ಅಂಗೈ ಮೇಲಿಟ್ಟುಕೊಂಡ. ಒಂದು ಚಿಟಿಕೆ ಕಸ.

"ಅಯ್ಯೋ," ಎಂದ. "ಡೀಸೆಲ್ ಫಿಲ್ಟರ್ ಕಟ್ಟಿಕೊಂಡ ಹಾಗೆ! ಟ್ಯಾಂಕ್ ತುಂಬ ಡೀಸೆಲ್ ಇದ್ರೂ ಬಸ್ಸು ಏರು ಹತ್ತಲ್ಲ."

"ನೋಡ್ದಾ? ನಿನಗೇ ಗೊತ್ತಿರೋ ವಿದ್ಯೆ ಇದು."

ಮೊನ್ನೆ ಮುಖಕ್ಕೆ ಚಿಮ್ಮಿದ ನೀರಿನ ಒಗಟೂ ಆಗ ಬಗೆಹರಿಯಿತು. ನೀರು ಈ ಜಾಲರಿಯ ಬಾಗಿಲ ತನಕ ಜೋರಾಗಿಯೇ ಬರುತ್ತಿತ್ತು. ಬಾಗಿಲು ಮುಚ್ಚಿತ್ತು. ಇಷ್ಟೇ.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಗಳು ಜಾಲರಿ ತಿಕ್ಕಿ ತೊಳೆದಳು. ಅಷ್ಟರಲ್ಲಿ ಅಕ್ಕ ಪೈಪಿನ ತುದಿಯನ್ನು ಬಕೆಟ್ಟಿಗೆ ಹಿಡಿಸಿ, ಗೋಡೆಯ ನಲ್ಲಿಯನ್ನು ಎರಡು ಕ್ಷಣ ತೆರೆಸಿ ಮುಚ್ಚಿಸಿದಳು. ಪೈಪಿನಲ್ಲಿ ಉಳಿದಿದ್ದ ಮರಳೂ ಹೊರಬಿತ್ತು. ಜಾಲರಿ ಮತ್ತೆ ಸೇರಿಸಿ ನಟ್ಟು ಹಾಕುವಾಗ ಡ್ರೈವರು ಸ್ಪ್ಯಾನರ್ ಎತ್ತಿಕೊಂಡ. ಅಕ್ಕ ಅವನ ಕೈಗೆ ಮೆಲ್ಲಗೆ ಹೊಡೆದಳು.

"ಇದು ಬಸ್ಸಿನ ಚಕ್ರ ಅಲ್ಲ! ಪ್ಲಾಸ್ಟಿಕ್ ಇದು, ಬಿಗಿದ್ರೆ ಸೀಳುತ್ತೆ. ಕೈಯಲ್ಲಿ ಎಷ್ಟಾಗುತ್ತೋ ಅಷ್ಟೇ. ಹನಿ ಸೋರಿದ್ರೆ ಮಾತ್ರ ಕಾಲು ಸುತ್ತು ಹೆಚ್ಚು."

ನಲ್ಲಿ ತೆರೆದರು. ಟ್ಯಾಂಕಿನೊಳಗೆ ನೀರು ಭೋರೆಂದು ನುಗ್ಗಿತು. ಮಗಳು ಗಡಿಯಾರ ಹಿಡಿದು ನಿಂತಳು. ಆದರೆ ಅರ್ಧ ತುಂಬುತ್ತಲೇ ನೀರು ಗಕ್ಕನೆ ನಿಂತಿತು. ಡ್ರೈವರನ ಮುಖ ಬಾಡಿತು.

"ಮತ್ತೆ ಕೆಡ್ತಾ?"

"ಯಾರಾದ್ರೂ ಈ ಸ್ಕ್ರೂ ತಿರುಗ್ಸಿದ್ರಾ?" ಎಂದಳು ಅಕ್ಕ.

ಹೆಂಡತಿ ಗಂಡನನ್ನೇ ನೋಡಿದಳು. ಗಂಡ ಕಿಟಕಿ ನೋಡಿದ.

"ಎಷ್ಟು ನೀರಿಗೆ ನಿಲ್ಲಬೇಕು ಅಂತ ಚೆಂಡಿಗೆ ಹೇಳೋ ಸ್ಕ್ರೂ ಇದು. ವಾಪಸ್ ತಿರುಗ್ಸು. ನಡುವಿನ ಕೊಳವೆಯ ಬಾಯಿಗಿಂತ ಒಂದು ಬೆರಳು ಕೆಳಗೆ ನೀರು ನಿಂತ್ರೆ ಸರಿ. ಮೇಲೆ ಹೋದ್ರೆ ನೀರು ಸುಮ್ನೆ ಹರಿದು ದಂಡ."

ತಿರುಗಿಸಿದ. ಹೇಳಿದಲ್ಲಿಗೇ ನೀರು ಬಂದು ನಿಂತಿತು. ಮತ್ತೊಮ್ಮೆ ಫ್ಲಶ್ ಮಾಡಿ, ಮೊದಲಿನಿಂದ ಲೆಕ್ಕ ಹಿಡಿದರು.

"ಒಂದು ನಿಮಿಷ ನಲವತ್ತು ಸೆಕೆಂಡ್!" ಎಂದು ಮಗಳು ಕೂಗಿದಳು.

"ಇಷ್ಟೆಲ್ಲ ಮಾಡಿದ್ರೂ ಆಗದೇ ಇದ್ರೆ?" ಎಂದು ಕೇಳಿದಳು ಹೆಂಡತಿ.

"ನೀರು ತುಂಬೋ ವಾಲ್ವ್ ಒಂದೇ ಹೋಗಿರುತ್ತೆ. ಪ್ಲಂಬರಿಗೆ ಹೇಳಿ ಅದನ್ನ ಬದಲಾಯ್ಸಿದ್ರೆ ಆಯ್ತು. ಗೋಡೆಯ ನಲ್ಲಿ ತಿರುಗದೇ ಇದ್ರೂ ಅವರನ್ನೇ ಕರೀರಿ, ಹಟ ಮಾಡಿ ಮುರೀಬೇಡಿ. ಏನೇ ಆದ್ರೂ ಗೋಡೆ ಒಡಿಯೋ ಮಾತು ಕೊನೆಗಿರ್ಲಿ."

ಡ್ರೈವರು ಕೈ ತೊಳೆದುಕೊಂಡು ಅಮ್ಮನ ಮಂಚದ ಹತ್ತಿರ ಬಂದ. ಖುಷಿಯಾಗಬೇಕಿತ್ತು. ಆಗಲೂ ಅವನ ತಲೆಯಲ್ಲಿ ಏನೋ ಒಂದು ಕೂಡಿಬರುತ್ತಿರಲಿಲ್ಲ. ಟ್ಯಾಂಕಿನ ಬಗ್ಗೆ ಎರಡು ವಾರ ಊರೆಲ್ಲ ಕೇಳಿದ. ಲೋಟದಲ್ಲಿ ಉಳಿದ ನೀರನ್ನು ದಿನವೂ ಕಣ್ಣಾರೆ ಕಂಡ. ಎರಡಕ್ಕೂ ನಂಟಿದೆಯೆಂದು ಹೊಳೆಯದೆ ಹೋದದ್ದು ಹೇಗೆ?

"ನನಗೆ ಯಾಕಮ್ಮ ಹೇಳಲಿಲ್ಲ?"

"ಅದೇನು ಹೇಳೋ ಮಾತೇನೋ?" ಎಂದಳು ಅಮ್ಮ, ಮುಖ ಆಚೆ ತಿರುಗಿಸಿ. "ಮಗನ ಹತ್ರ ಹೇಗೆ ಹೇಳ್ಲಿ?"

"ಹೇಳೋ ಮಾತೇ ಅಮ್ಮ. ಇನ್ಮೇಲೆ ಹೇಳು. ನಾನೂ ಕೇಳ್ತೀನಿ."

ಸೊಸೆ ಒಳಗಿನಿಂದ ಚಹಾ ತಂದಳು, ಜೊತೆಗೆ ಒಂದು ದೊಡ್ಡ ಲೋಟ ನೀರು. ಅಜ್ಜಿ ಲೋಟವನ್ನೂ ಶೌಚಾಲಯದ ಬಾಗಿಲನ್ನೂ ಒಂದು ಸಲ ನೋಡಿದಳು. ಎಡಗೈಯಲ್ಲಿ ಲೋಟ ಎತ್ತಿ, ನಿಲ್ಲಿಸದೆ, ತಳ ಕಾಣುವ ತನಕ ಕುಡಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಫ್ಲಶ್ ಟ್ಯಾಂಕು ನಿಧಾನವಾಗಿದ್ದರೆ ಇಂದೇ ಅದರ ಮುಚ್ಚಳ ತೆರೆಯಿರಿ. ಬೇರೆ ನಲ್ಲಿಯಲ್ಲಿ ನೀರು ಹೇಗಿದೆ ನೋಡಿ. ಗೋಡೆಯ ನಲ್ಲಿ ಪೂರ್ತಿ ತೆರೆದಿದೆಯೇ ನೋಡಿ. ನಾಲ್ಕು ಹನಿ ನೀಲಿ ಬಿಟ್ಟು ಸೋರಿಕೆ ಪರೀಕ್ಷಿಸಿ. ನಲ್ಲಿ ಮುಚ್ಚಿದ ಮೇಲೆಯೇ ಪೈಪು ಬಿಚ್ಚಿ ಜಾಲರಿ ತೊಳೆಯಿರಿ. ಕೆಂಪು ನೀರು ಬಂದ ವಾರ ಇದನ್ನು ಮರೆಯಲೇಬೇಡಿ. ಸರಿಯಾಗುವ ತನಕ ಬಕೆಟ್ ಎತ್ತಲಾರದವರಿಗೆ ನೀವೇ ನೀರು ಸುರಿದುಕೊಡಿ.

ಕೈ ಒಣಗುವ ಮುಂಚೆ ಇನ್ನೊಂದು ಕೆಲಸ ಮಾಡಿ. ಮನೆಯ ಹಿರಿಯರ ಹತ್ತಿರ ಕೂತು, ಇವತ್ತು ಎಷ್ಟು ಲೋಟ ನೀರು ಕುಡಿದಿರಿ ಎಂದು ಕೇಳಿ. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಎಷ್ಟು ನೀರು ಬೇಕೆಂದು ಡಾಕ್ಟರೇ ಹೇಳಬೇಕು. ಉಳಿದವರು ಕಡಿಮೆ ಕುಡಿಯುತ್ತಿದ್ದರೆ ಗದರಬೇಡಿ. ಯಾಕೆ ಎಂದು ಕೇಳಿ. ಅವರು ಏನೂ ಇಲ್ಲ ಎನ್ನುತ್ತಾರೆ. ಇನ್ನೊಂದು ಸಲ ಕೇಳಿ.